ಇಳಿಯುವ ಮುನ್ನ ಓದುವ ಹಾಳೆ

ನಮ್ಮ ಕರಾವಳಿಯ ಮನೆಗಳಿಗೆ ವಿಮಾನ ಹೊಸತಲ್ಲ. ಗಂಡ ದಮ್ಮಾಮಿನಲ್ಲಿ, ಮಗ ದೋಹಾದಲ್ಲಿ, ತಮ್ಮ ಶಾರ್ಜಾದಲ್ಲಿ ಎನ್ನುವ ಮನೆ ಪ್ರತಿ ಊರಿನಲ್ಲೂ ಇದೆ. ನೀವೂ ಉಮ್ರಾಕ್ಕೆಂದೋ, ಮಗಳ ಬಾಣಂತನಕ್ಕೆಂದೋ ಒಮ್ಮೆಯಾದರೂ ವಿಮಾನ ಹತ್ತಿರಬಹುದು. ಹಾಗಿದ್ದರೆ ಮಳೆಗಾಲದಲ್ಲಿ ವಿಮಾನ ಇಳಿಯುವ ಆ ಹತ್ತು ನಿಮಿಷಗಳು ನಿಮಗೆ ನೆನಪಿರುತ್ತವೆ. ಕಿಟಕಿಯ ಹೊರಗೆ ಬರೀ ಬಿಳಿ. ರೆಕ್ಕೆಯ ತುದಿಯೂ ಕಾಣುವುದಿಲ್ಲ. ಅಷ್ಟರವರೆಗೆ ಗಟ್ಟಿಯಾಗಿ ಮಾತನಾಡುತ್ತಿದ್ದವರೆಲ್ಲ ಮೌನವಾಗುತ್ತಾರೆ. ಹಲವರ ತುಟಿಗಳು ಮೆಲ್ಲನೆ ಅಲುಗತೊಡಗುತ್ತವೆ. ಆಗ ಮನಸ್ಸಿಗೆ ಬರುವ ಪ್ರಶ್ನೆ ಒಂದೇ: ನಮಗೆ ಏನೂ ಕಾಣುತ್ತಿಲ್ಲ, ಮುಂದೆ ಕುಳಿತವರಿಗೆ ಏನು ಕಾಣುತ್ತಿದೆ?

ಉತ್ತರ ಕೇಳಿದರೆ ನಿಮಗೆ ಆಶ್ಚರ್ಯವಾಗಬಹುದು. ಅವರಿಗೂ ಏನೂ ಕಾಣುತ್ತಿರುವುದಿಲ್ಲ. ಅವರ ಮುಂದಿನ ಗಾಜಿನಲ್ಲೂ ಅದೇ ಬಿಳಿ. ಅವರು ನೋಡುತ್ತಿರುವುದು ಎರಡನ್ನು ಮಾತ್ರ. ಒಂದು, ವಿಮಾನದ ಮಾಪಕಗಳು. ಇನ್ನೊಂದು, ಆ ವಿಮಾನ ನಿಲ್ದಾಣದ ಆ ರನ್‌ವೇಗೆಂದೇ ಬರೆದ ಒಂದು ಪುಟದ ನಕ್ಷೆ. ಅದಕ್ಕೆ ಅಪ್ರೋಚ್ ಚಾರ್ಟ್ ಎನ್ನುತ್ತಾರೆ. ಇಳಿಯುವ ದಾರಿಯ ನಕ್ಷೆ ಎಂದು ನಾವು ಕರೆಯಬಹುದು. ಮೊದಲು ಅದು ಕಾಗದದ ಮೇಲಿತ್ತು. ಈಗ ಅಂಗೈಗಿಂತ ಸ್ವಲ್ಪ ದೊಡ್ಡದಾದ ಪರದೆಯ ಮೇಲೆ ಬರುತ್ತದೆ.

ಇದೆಲ್ಲ ನನಗೆ ಹೇಗೆ ಗೊತ್ತು ಎಂದು ಕೇಳುತ್ತೀರಾ? ನನ್ನ ಕಿರಿಯ ಮಗಳು ಅಮೆರಿಕದ ಕಾನ್ಸಾಸ್ ರಾಜ್ಯದಲ್ಲಿದ್ದಾಳೆ. ಅವಳ ಕೆಲಸ ಕಂಪ್ಯೂಟರಿನದು. ಮದುವೆಯಾಗಿ ಅಲ್ಲಿಗೆ ಹೋದ ಮೇಲೆ ಸಣ್ಣ ವಿಮಾನ ಹಾರಿಸಲು ಕಲಿತಳು. ನಮ್ಮಲ್ಲಿ ಹೆಣ್ಣುಮಕ್ಕಳು ಸ್ಕೂಟರ್ ಕಲಿತಂತೆ ಅಲ್ಲಿ ಕೆಲವರು ವಿಮಾನ ಕಲಿಯುತ್ತಾರೆ. ಸ್ವಂತ ವಿಮಾನ ಬೇಕಾಗಿಲ್ಲ. ಫ್ಲೈಯಿಂಗ್ ಕ್ಲಬ್ಬಿನಿಂದ ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಸಿಗುತ್ತದೆ. ಕಾನ್ಸಾಸ್ ಹೇಳಿಕೇಳಿ ವಿಮಾನಗಳ ನಾಡು. 1927ರಲ್ಲಿ ಸೆಸ್ನಾ ಕಂಪನಿ ಶುರುವಾದದ್ದು ಅಲ್ಲಿನ ವಿಚಿಟಾ ನಗರದಲ್ಲಿ. ಅವಳು ಹಾರಿಸುವ ನಾಲ್ಕು ಸೀಟಿನ ಸೆಸ್ನಾ 172 ಲೋಕದಲ್ಲೇ ಅತಿ ಹೆಚ್ಚು ತಯಾರಾದ ವಿಮಾನ. 1956ರಿಂದ ಈಚೆಗೆ 44 ಸಾವಿರಕ್ಕೂ ಹೆಚ್ಚು ತಯಾರಾಗಿವೆ. ಅವಳ ಕೈಯಲ್ಲಿರುವ ಜಿಪಿಎಸ್ ಸಾಧನದ ಕಂಪನಿ ಗಾರ್ಮಿನ್‌ನ ಕೇಂದ್ರ ಕಚೇರಿಯೂ ಅದೇ ರಾಜ್ಯದ ಒಲೇತ ಪಟ್ಟಣದಲ್ಲಿದೆ. ಗ್ಯಾರಿ ಬರೆಲ್ ಮತ್ತು ಮಿನ್ ಕಾವೊ ಎಂಬ ಇಬ್ಬರು ಎಂಜಿನಿಯರುಗಳು 1989ರಲ್ಲಿ ಸೇರಿ ಆರಂಭಿಸಿದ ಕಂಪನಿ ಅದು. ಇಬ್ಬರ ಹೆಸರಿನ ಮೊದಲ ಭಾಗ ಕೂಡಿಸಿದರೆ ಗಾರ್ಮಿನ್.

ನಾಲ್ಕು ತಿಂಗಳು ಅವಳ ಮನೆಯಲ್ಲಿದ್ದೆ. ಊಟದ ಮೇಜಿನ ಮೇಲೆ ಅವಳು ಈ ನಕ್ಷೆಗಳನ್ನು ಹರಡಿಕೊಂಡು ಓದುತ್ತಿದ್ದಳು. ಪಕ್ಕದಲ್ಲಿ ಕುಳಿತು ನಾನೂ ಕಲಿತೆ. ಅದನ್ನೇ ನಿಮ್ಮೊಂದಿಗೆ ಹಂಚಿಕೊಳ್ಳುತ್ತಿದ್ದೇನೆ.

ಹತ್ತು ಸೆಂಟಿನ ಪುಸ್ತಕ

ಈ ನಕ್ಷೆಗಳ ಹಿಂದೆ ಒಂದು ಚಿಕ್ಕ ನೋಟ್‌ಪುಸ್ತಕದ ಕಥೆಯಿದೆ. 1930ರ ಸುಮಾರಿಗೆ ಎಲ್ರೆ ಜೆಪ್ಪೆಸನ್ ಎಂಬವರು ಅಮೆರಿಕದಲ್ಲಿ ಅಂಚೆ ಚೀಲ ಸಾಗಿಸುವ ವಿಮಾನದ ಪೈಲಟ್ ಆಗಿದ್ದರು. ಆಗ ಪೈಲಟ್‌ಗಳಿಗೆ ದಾರಿ ತೋರಿಸುತ್ತಿದ್ದುದು ರಸ್ತೆಯ ನಕ್ಷೆ ಮತ್ತು ರೈಲು ಹಳಿ. ಮಂಜು ಮುಸುಕಿದರೆ ಅದೂ ಇಲ್ಲ. ಜೊತೆಗಾರರು ಒಬ್ಬೊಬ್ಬರಾಗಿ ಗುಡ್ಡಗಳಿಗೆ ಬಡಿದು ಸಾಯುತ್ತಿದ್ದರು. ಜೆಪ್ಪೆಸನ್ ಹತ್ತು ಸೆಂಟು ಕೊಟ್ಟು ಒಂದು ಕಪ್ಪು ನೋಟ್‌ಪುಸ್ತಕ ಕೊಂಡರು. ಇಳಿಯುವ ಮೈದಾನ ಎಷ್ಟು ಉದ್ದವಿದೆ, ಹತ್ತಿರದಲ್ಲಿ ಹೊಗೆಗೊಳವೆ ಇದೆಯೇ, ಗುಡ್ಡ ಎಷ್ಟು ಎತ್ತರ ಎಂಬುದನ್ನೆಲ್ಲ ಬರೆದಿಟ್ಟರು. ರಜೆಯ ದಿನ ತಾವೇ ಗುಡ್ಡ ಹತ್ತಿ ಎತ್ತರ ಅಳೆದು ಬರುತ್ತಿದ್ದರು. ಫೋನ್ ಮಾಡಿದರೆ ತಮ್ಮೂರಿನ ಹವಾಮಾನ ಹೇಳಬಲ್ಲ ರೈತರ ನಂಬರುಗಳನ್ನೂ ಗುರುತು ಹಾಕಿಕೊಂಡರು.

ಉಳಿದ ಪೈಲಟ್‌ಗಳು ಅದರ ಪ್ರತಿ ಕೇಳತೊಡಗಿದರು. 1934ರಲ್ಲಿ ಅವರು ಅದನ್ನು ಹತ್ತು ಡಾಲರಿಗೆ ಮಾರಲು ಆರಂಭಿಸಿದರು. ಅವರ ಹೆಂಡತಿ ನಡೀನ್ ವಿಮಾನದ ಪರಿಚಾರಿಕೆಯಾಗಿದ್ದವರು. ಗಂಡ ಆಕಾಶದಲ್ಲಿರುವಾಗ ಈ ನಕ್ಷೆಗಳ ವ್ಯವಹಾರ ನಡೆಸಲು ನೆರವಾದವರು ಆಕೆ. ಮನೆಯ ನೆಲಮಾಳಿಗೆಯಲ್ಲಿ ಗಂಡಹೆಂಡತಿ ಕುಳಿತು ಕಟ್ಟಿದ ಕೆಲಸ ಮುಂದೆ ಲೋಕದ ಹಲವು ವಿಮಾನ ಸಂಸ್ಥೆಗಳು ಬಳಸುವ ಜೆಪ್ಪೆಸನ್ ಚಾರ್ಟ್ ಆಯಿತು.

ಜಿಪಿಎಸ್‌ನ ಹಿಂದೆಯೂ ಒಬ್ಬ ಹೆಣ್ಣುಮಗಳಿದ್ದಾಳೆ. ಉಪಗ್ರಹದಿಂದ ನಾವಿರುವ ಜಾಗ ಸರಿಯಾಗಿ ತಿಳಿಯಬೇಕಾದರೆ ಭೂಮಿಯ ಆಕಾರ ಕರಾರುವಾಕ್ಕಾಗಿ ಗೊತ್ತಿರಬೇಕು. ಭೂಮಿ ಚೆಂಡಿನಂತೆ ನುಣ್ಣಗಿಲ್ಲ. ಆ ಏರುಪೇರಿನ ಲೆಕ್ಕವನ್ನು ಕಂಪ್ಯೂಟರಿನಲ್ಲಿ ಕೂಡಿಸಿದವರಲ್ಲಿ ಪ್ರಮುಖರು ಗ್ಲ್ಯಾಡಿಸ್ ವೆಸ್ಟ್. 1930ರಲ್ಲಿ ವರ್ಜೀನಿಯಾದ ಒಂದು ಬಡ ಕಪ್ಪು ರೈತ ಕುಟುಂಬದಲ್ಲಿ ಹುಟ್ಟಿದವರು. ವಿದ್ಯಾರ್ಥಿವೇತನದಿಂದ ಗಣಿತ ಓದಿ ನೌಕಾಪಡೆಯ ಪ್ರಯೋಗಾಲಯ ಸೇರಿದರು. ಅವರ ಕೆಲಸಕ್ಕೆ ದೊಡ್ಡ ಗೌರವ ಸಿಕ್ಕಿದ್ದು 2018ರಲ್ಲಿ, ಅಂದರೆ ನಿವೃತ್ತರಾಗಿ ಎಷ್ಟೋ ವರ್ಷಗಳ ನಂತರ.

ಒಂದು ಪುಟದಲ್ಲಿ ಏನೆಲ್ಲ ಇದೆ?

ಮೊದಲ ದಿನ ಆ ನಕ್ಷೆ ನೋಡಿದಾಗ ಕಸೂತಿಯ ಹಿಂಬದಿಯನ್ನು ನೋಡಿದಂತಾಯಿತು. ಎಲ್ಲೆಲ್ಲೂ ಗೆರೆ, ಎಲ್ಲೆಲ್ಲೂ ಅಂಕೆ. ಮಗಳು ಹೇಳಿದಳು: "ಉಮ್ಮಾ, ಒಟ್ಟಿಗೆ ನೋಡಬೇಡಿ. ಮೇಲಿನಿಂದ ಕೆಳಕ್ಕೆ ಒಂದೊಂದೇ ಭಾಗ ಓದಿ."

ಹಾಗೆ ಓದಿದರೆ ಕಷ್ಟವಿಲ್ಲ. ಎಲ್ಲಕ್ಕಿಂತ ಮೇಲೆ ಒಂದು ಪಟ್ಟಿ. ರೇಡಿಯೊದಲ್ಲಿ ಯಾವ ಸಂಖ್ಯೆಗೆ ಮಾತನಾಡಬೇಕು, ಯಾವ ದಿಕ್ಕಿಗೆ ಮುಖ ಮಾಡಿ ಬರಬೇಕು, ರನ್‌ವೇ ಎಷ್ಟು ಉದ್ದ, ನೆಲ ಸಮುದ್ರಮಟ್ಟದಿಂದ ಎಷ್ಟು ಎತ್ತರ ಎಂಬುದು ಅಲ್ಲಿರುತ್ತದೆ. ಇಳಿಯಲು ಆಗದಿದ್ದರೆ ಎಲ್ಲಿಗೆ ಹೋಗಬೇಕು ಎಂಬುದೂ ಅಲ್ಲಿಯೇ. ನಡುವೆ ಮೇಲಿನಿಂದ ನೋಡಿದ ನಕ್ಷೆ: ಗುಡ್ಡ, ಗೋಪುರ, ನದಿ, ಬರುವ ದಾರಿ. ಅದರ ಕೆಳಗೆ ಅದೇ ದಾರಿಯನ್ನು ಪಕ್ಕದಿಂದ ನೋಡಿದ ಚಿತ್ರ. ಮಹಡಿಯ ಮೆಟ್ಟಿಲು ಇಳಿದಂತೆ, ಇಲ್ಲಿಯವರೆಗೆ ಇಷ್ಟು ಅಡಿ, ಮುಂದೆ ಇಷ್ಟು ಅಡಿ, ಅದಕ್ಕಿಂತ ಕೆಳಗೆ ಬರಕೂಡದು. ಎಲ್ಲಕ್ಕಿಂತ ಕೆಳಗೆ ಒಂದು ಚಿಕ್ಕ ಕೋಷ್ಟಕ.

ಆ ಕೋಷ್ಟಕವೇ ಮುಖ್ಯ. ಅಲ್ಲಿರುವ ಒಂದು ಅಂಕೆಗೆ ನಿರ್ಧಾರದ ಎತ್ತರ ಎನ್ನಬಹುದು. ಅಷ್ಟು ಎತ್ತರಕ್ಕೆ ಇಳಿಯುವಷ್ಟರಲ್ಲಿ ರನ್‌ವೇ ಅಥವಾ ಅದರ ದೀಪಗಳು ಕಣ್ಣಿಗೆ ಕಾಣಲೇಬೇಕು. ಕಂಡರೆ ಇಳಿಯಿರಿ. ಕಾಣದಿದ್ದರೆ ಮೇಲೇರಿ ಹೊರಟುಹೋಗಿ. ಜಿಪಿಎಸ್ ನೆರವಿನ ಉತ್ತಮ ಇಳಿದಾಣಗಳಲ್ಲಿ ಅದು ನೆಲದಿಂದ 200ರಿಂದ 250 ಅಡಿ ಇರುತ್ತದೆ. 250 ಅಡಿ ಎಂದರೆ ಇಪ್ಪತ್ತು ಇಪ್ಪತ್ತೈದು ಮಹಡಿಯ ಕಟ್ಟಡದಷ್ಟು. ಸಣ್ಣ ವಿಮಾನ ಅಷ್ಟನ್ನು ಇಳಿಯಲು ಅರ್ಧ ನಿಮಿಷಕ್ಕಿಂತ ಸ್ವಲ್ಪ ಹೆಚ್ಚು ಸಾಕು. ಯೋಚಿಸುತ್ತಾ ಕೂರಲು ಅಲ್ಲಿ ಸಮಯವಿಲ್ಲ. ಆದ್ದರಿಂದಲೇ ಯೋಚನೆಯನ್ನು ಮೊದಲೇ ಮಾಡಿ ಕಾಗದದಲ್ಲಿ ಬರೆದಿಟ್ಟಿದ್ದಾರೆ.

ಕಾಗದ ಪರದೆಗೆ ಬಂದಾಗ

ಹಿಂದೆ ಪೈಲಟ್‌ಗಳು ಈ ಹಾಳೆಗಳನ್ನು ದಪ್ಪ ಫೈಲುಗಳಲ್ಲಿ ಹೊತ್ತೊಯ್ಯುತ್ತಿದ್ದರು. ಅಮೆರಿಕದ ವಿಮಾನ ಸಂಸ್ಥೆಯ ಪೈಲಟ್ ಒಬ್ಬರ ಚೀಲ 16 ಕಿಲೋ ತೂಗುತ್ತಿತ್ತು. ಹೊಸ ಹಾಳೆಗಳು ಅಂಚೆಯಲ್ಲಿ ಬರುತ್ತಿದ್ದವು. ಹಳೆಯದನ್ನು ತೆಗೆದು ಹೊಸದನ್ನು ಅದೇ ಜಾಗಕ್ಕೆ ಸೇರಿಸುವುದೇ ಒಂದು ಸಂಜೆಯ ಕೆಲಸ. 2009ರ ಸುಮಾರಿಗೆ ಸಣ್ಣ ವಿಮಾನದವರು ಒಯ್ಯುವ ಕೈಸಾಧನಗಳಲ್ಲಿ ಈ ನಕ್ಷೆಗಳು ಕಾಣಿಸತೊಡಗಿದವು. 2010ರಲ್ಲಿ ಐಪ್ಯಾಡ್ ಬಂದ ಮೇಲೆ ಬಹಳಷ್ಟು ಜನ ಅದರತ್ತ ಹೊರಳಿದರು. 2011ರ ಡಿಸೆಂಬರಿನಲ್ಲಿ ದೊಡ್ಡ ವಿಮಾನ ಸಂಸ್ಥೆಯೊಂದಕ್ಕೂ ಹಾರಾಟದುದ್ದಕ್ಕೂ ಐಪ್ಯಾಡ್ ಬಳಸಲು ಅಲ್ಲಿನ ಸರಕಾರದ ಅನುಮತಿ ಸಿಕ್ಕಿತು. ನನ್ನ ಮಗಳು ಮಾತ್ರ ಏಳು ಇಂಚು ಪರದೆಯ ಜಿಪಿಎಸ್ ಸಾಧನವನ್ನೇ ಇಟ್ಟುಕೊಂಡಿದ್ದಾಳೆ. ಬಿಸಿಲಲ್ಲಿ ಚೆನ್ನಾಗಿ ಕಾಣುತ್ತದೆ, ಬೇಗ ಬಿಸಿಯಾಗಿ ನಿಂತುಹೋಗುವುದಿಲ್ಲ ಎಂಬುದು ಅವಳ ಕಾರಣ.

ಅದರ ಒಳ್ಳೆಯ ಗುಣಗಳು ಹಲವು. ಊರಿನ ಗುರುತು ಒತ್ತಿದರೆ ಆ ನಿಲ್ದಾಣದ ಎಲ್ಲ ನಕ್ಷೆಗಳೂ ಬರುತ್ತವೆ. ಇಡೀ ಅಮೆರಿಕದ ಸಾವಿರಾರು ಹಾಳೆಗಳು ಉಗುರಿನಷ್ಟು ಗಾತ್ರದ ಕಾರ್ಡಿನಲ್ಲಿ ಕೂರುತ್ತವೆ. ಎಲ್ಲಕ್ಕಿಂತ ಮೇಲಾಗಿ, ನಕ್ಷೆಯ ಮೇಲೆಯೇ ಒಂದು ಪುಟ್ಟ ವಿಮಾನದ ಚಿತ್ರ ಚಲಿಸುತ್ತದೆ. ಈಗ ನಾವು ಎಲ್ಲಿದ್ದೇವೆ ಎಂದು ಅದು ತೋರಿಸುತ್ತದೆ. ಮೋಡದೊಳಗೆ ದಿಕ್ಕು ತಪ್ಪಿದ ಪೈಲಟ್‌ಗೆ ಅದೆಷ್ಟು ದೊಡ್ಡ ಆಸರೆ ಎಂದು ನೀವೇ ಊಹಿಸಿ.

ಆದರೆ ಅದರ ಮಿತಿಗಳನ್ನು ಕೇಳಿದಾಗಲೇ ನನಗೆ ಅದರ ಮೇಲೆ ನಂಬಿಕೆ ಬಂತು. ಅವುಗಳನ್ನೂ ಹೇಳುತ್ತೇನೆ.

ಒಂದು, ಅದು ಹಳತಾಗುತ್ತದೆ. ರಂಝಾನ್ ತಿಂಗಳಲ್ಲಿ ನಾವು ಸಹರಿ ಇಫ್ತಾರ್‌ಗಳ ವೇಳಾಪಟ್ಟಿಯನ್ನು ಫ್ರಿಜ್ಜಿನ ಮೇಲೆ ಅಂಟಿಸುತ್ತೇವಲ್ಲವೇ? ಕಳೆದ ವರ್ಷದ ಪಟ್ಟಿ ನೋಡಿ ಯಾರಾದರೂ ಉಪವಾಸ ತೊರೆಯುತ್ತಾರೆಯೇ? ಇದೂ ಹಾಗೆಯೇ. ಲೋಕದ ಎಲ್ಲ ದೇಶಗಳಿಗೂ ಅನ್ವಯಿಸುವಂತೆ 28 ದಿನಗಳ ಒಂದು ಅವಧಿ ಗೊತ್ತುಮಾಡಿದ್ದಾರೆ. ಅದು ಗುರುವಾರವೇ ಬದಲಾಗುತ್ತದೆ. ವರ್ಷಕ್ಕೆ 13 ಸಲ. ಈ ನಡುವೆ ಎಲ್ಲೋ ಹೊಸ ಮೊಬೈಲ್ ಗೋಪುರ ಎದ್ದಿರಬಹುದು, ರೇಡಿಯೊ ಸಂಖ್ಯೆ ಬದಲಾಗಿರಬಹುದು, ಇಳಿಯುವ ಎತ್ತರ ಹೆಚ್ಚಿಸಿರಬಹುದು. ನಕ್ಷೆಯ ಅಂಚಿನಲ್ಲಿ ಯಾವ ದಿನದಿಂದ ಯಾವ ದಿನದವರೆಗೆ ಎಂದು ಅಚ್ಚಾಗಿರುತ್ತದೆ. ನನ್ನ ಮಗಳು ಹಾರುವ ಹಿಂದಿನ ರಾತ್ರಿ ಮೊದಲು ನೋಡುವುದು ಅದನ್ನೇ.

ಎರಡು, ದೊಡ್ಡದು ಮಾಡಿದರೆ ಕಳೆದುಹೋಗುತ್ತದೆ. ಕಾಗದದಲ್ಲಿ ಇಡೀ ಪುಟ ಒಮ್ಮೆಗೇ ಕಣ್ಣಮುಂದೆ ಇರುತ್ತದೆ. ಪರದೆಯಲ್ಲಿ ಅಕ್ಷರ ಚಿಕ್ಕದು. ಓದಲೆಂದು ಬೆರಳಿನಿಂದ ಹಿಗ್ಗಿಸಿದ ಕೂಡಲೇ ಆ ಭಾಗ ಮಾತ್ರ ಉಳಿದು ಮಿಕ್ಕಿದ್ದು ಹೊರಗೆ ಸರಿಯುತ್ತದೆ. ಹಾಗೆ ಸರಿದುಹೋದದ್ದು ಆ ಚಿಕ್ಕ ಕೋಷ್ಟಕವಾಗಿದ್ದರೆ?

ಮೂರು, ಕೈಯಲ್ಲಿ ಒಯ್ಯುವ ಈ ಸಾಧನ ನಕ್ಷೆ ಓದಲು ಮಾತ್ರ. ಮೋಡದೊಳಗೆ ವಿಮಾನವನ್ನು ನಡೆಸಲು ಅದನ್ನು ಮುಖ್ಯ ಆಧಾರವಾಗಿ ಬಳಸಲು ಕಾನೂನಿನ ಅನುಮತಿ ಇಲ್ಲ. ಅದಕ್ಕೆ ವಿಮಾನದ ಫಲಕದಲ್ಲಿ ಕೂರಿಸಿದ, ಪರೀಕ್ಷೆ ಪಾಸಾದ ಬೇರೆಯೇ ಉಪಕರಣ ಬೇಕು. ಆ ಪುಟ್ಟ ವಿಮಾನದ ಚಿತ್ರ ಎಷ್ಟೇ ಚೆನ್ನಾಗಿ ಚಲಿಸಲಿ, ಅದರ ಹಿಂದೆಯೇ ಹೋಗಕೂಡದು.

ನಾಲ್ಕು, ಬ್ಯಾಟರಿ. ಹಾರುವ ಮುನ್ನ ಅವಳು ಇಳಿಯುವ ಊರಿನ ಮತ್ತು ಬದಲಿ ಊರಿನ ನಕ್ಷೆಗಳನ್ನು ಕಾಗದದಲ್ಲೂ ಮುದ್ರಿಸಿ ಕ್ಲಿಪ್ಪಿಗೆ ಸಿಕ್ಕಿಸುತ್ತಿದ್ದಳು. "ಇಷ್ಟು ದುಡ್ಡು ಕೊಟ್ಟು ಅದನ್ನು ತೆಗೆದುಕೊಂಡು ಮತ್ತೆ ಕಾಗದ ಯಾಕೆ ಮಗಳೇ?" ಎಂದು ಕೇಳಿದೆ. "ಉಮ್ಮಾ, ಕಾಗದಕ್ಕೆ ಚಾರ್ಜು ಮುಗಿಯುವುದಿಲ್ಲ" ಎಂದಳು.

ಉಪಗ್ರಹದ ಸಂಕೇತವನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. 2023ರಲ್ಲಿ ಇರಾಕ್ ಮತ್ತು ಇರಾನ್ ಆಕಾಶದಲ್ಲಿ ಸುಳ್ಳು ಜಿಪಿಎಸ್ ಸಂಕೇತಗಳಿಂದ ಹಲವು ವಿಮಾನಗಳ ಉಪಕರಣಗಳು ತಪ್ಪು ಜಾಗ ತೋರಿಸಿದ್ದವು.

ಒಂದು ಅಕ್ಷರದ ಅಂತರ

ನಕ್ಷೆಯೂ ಯಂತ್ರವೂ ಬೇರೆ ಬೇರೆ ಮಾತನಾಡಿದರೆ ಏನಾಗುತ್ತದೆ ಎಂಬುದಕ್ಕೆ 1995ರ ಡಿಸೆಂಬರ್ 20ರ ರಾತ್ರಿಯ ಘಟನೆ ಸಾಕ್ಷಿ. ಮಯಾಮಿಯಿಂದ ಕೊಲಂಬಿಯಾ ದೇಶದ ಕಾಲಿ ನಗರಕ್ಕೆ ಹೊರಟ ವಿಮಾನ ಅದು. ದಾರಿಯಲ್ಲಿ ರೋಸೊ ಎಂಬ ರೇಡಿಯೊ ಕಂಬದ ಕಡೆಗೆ ಹೋಗಬೇಕಿತ್ತು. ಪೈಲಟ್‌ಗಳ ಕೈಯಲ್ಲಿದ್ದ ನಕ್ಷೆಯಲ್ಲಿ ಅದರ ಗುರುತು ಆರ್ ಎಂಬ ಒಂದೇ ಅಕ್ಷರ. ವಿಮಾನದ ಕಂಪ್ಯೂಟರಿಗೆ ಆರ್ ಎಂದು ಕೊಟ್ಟರು. ಆದರೆ ಕಂಪ್ಯೂಟರಿನ ಪಟ್ಟಿಯಲ್ಲಿ ಆ ಅಕ್ಷರಕ್ಕೆ ಮೊದಲು ಬರುತ್ತಿದ್ದುದು ಬೊಗೋಟ ನಗರದ ಬಳಿಯ ರೋಮಿಯೊ ಎಂಬ ಇನ್ನೊಂದು ಕಂಬ. ವಿಮಾನ ಮೆಲ್ಲನೆ ಎಡಕ್ಕೆ, ಬೆಟ್ಟಗಳ ಕಡೆಗೆ ತಿರುಗಿತು. ಎಲ್ಲಿದ್ದೇವೆ ಎಂಬ ಗೊಂದಲ ಬಿಡಿಸಿಕೊಳ್ಳುವಾಗಲೂ ಅವರು ಕೆಳಗಿಳಿಯುತ್ತಲೇ ಇದ್ದರು. ಬೆಟ್ಟಕ್ಕೆ ಬಡಿದ ಆ ವಿಮಾನದಲ್ಲಿದ್ದ 163 ಜನರಲ್ಲಿ 159 ಜನ ತೀರಿಕೊಂಡರು.

ಮಗಳಿಗೆ ಪಾಠ ಹೇಳಿಕೊಡುವ ಶಿಕ್ಷಕಿ ಅರುವತ್ತು ದಾಟಿದ ಅಮೆರಿಕನ್ ಮಹಿಳೆ. ಈ ಘಟನೆಯನ್ನು ಅವರು ಪ್ರತಿ ವಿದ್ಯಾರ್ಥಿಗೂ ಹೇಳುತ್ತಾರಂತೆ. ಎಲ್ಲಿದ್ದೇನೆ ಎಂಬ ಅನುಮಾನ ಬಂದರೆ ಇಳಿಯುವುದನ್ನು ಮೊದಲು ನಿಲ್ಲಿಸು, ಮೇಲೇರು, ಆಮೇಲೆ ಯೋಚಿಸು ಎಂಬುದು ಅವರ ಮಾತು.

ನವೆಂಬರಿನ ಆ ಬೆಳಗು

ಈಗ ನಾನು ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ. ನವೆಂಬರ್ ತಿಂಗಳು. ಕಾನ್ಸಾಸಿನ ದಕ್ಷಿಣದ ಒಂದು ಸಣ್ಣ ಊರಿನಲ್ಲಿ ಅಳಿಯನ ಗೆಳೆಯನ ಮಗುವಿನ ಅಕೀಕಾ ಇತ್ತು. ಅಳಿಯ ಹಿಂದಿನ ದಿನವೇ ಕಾರಿನಲ್ಲಿ ಹೋಗಿದ್ದ. ಮಗಳಿಗೆ ಕೆಲಸವಿತ್ತು. ಬೆಳಿಗ್ಗೆ ವಿಮಾನದಲ್ಲಿ ಹೋಗೋಣ ಎಂದಳು. ಶಿಕ್ಷಕಿಯೂ ಜೊತೆಗೆ ಬಂದರು. ಮುಂದಿನ ಎರಡು ಸೀಟಿನಲ್ಲಿ ಅವರಿಬ್ಬರು, ಹಿಂದೆ ನಾನು. ಬಿರಿಯಾನಿಗೆ ಕಾಯುತ್ತಿದ್ದವರು ಮೂವತ್ತು ಜನ. ವಿಮಾನ ಹೊರಡುವ ಮುನ್ನವೇ ಎರಡು ಸಲ ಫೋನ್ ಬಂದಿತ್ತು.

ಆ ಊರಿನಲ್ಲಿ ಬೆಳಿಗ್ಗೆ ಮೋಡ ಕೆಳಗಿದೆ, ಹನ್ನೊಂದರ ಹೊತ್ತಿಗೆ ಮೇಲೇಳುತ್ತದೆ ಎಂದು ಹವಾಮಾನ ವರದಿ ಹೇಳುತ್ತಿತ್ತು. ಹಾಗಿರುವಾಗ ಬದಲಿ ನಿಲ್ದಾಣವನ್ನೂ ಗೊತ್ತುಮಾಡಿಕೊಂಡೇ ಹೊರಡಬೇಕು. ಗುರಿಯವರೆಗೆ, ಅಲ್ಲಿಂದ ಬದಲಿ ನಿಲ್ದಾಣದವರೆಗೆ, ಅದರ ಮೇಲೆ 45 ನಿಮಿಷ ಹಾರುವಷ್ಟು ಇಂಧನ ಇರಲೇಬೇಕು ಎಂಬುದು ಅಲ್ಲಿನ ನಿಯಮ. ಮಗಳು ವಿಚಿಟಾವನ್ನು ಬದಲಿ ನಿಲ್ದಾಣವೆಂದು ಬರೆದಳು. ಟ್ಯಾಂಕ್ ಪೂರ್ತಿ ತುಂಬಿಸಿದಳು.

ಮೇಲೆ ಬಿಸಿಲು ಫಳಫಳ ಹೊಳೆಯುತ್ತಿತ್ತು. ಕೆಳಗೆ ಹತ್ತಿ ಹಾಸಿದಂತೆ ಮೋಡ. ಇಳಿಯಲು ಇಪ್ಪತ್ತು ನಿಮಿಷ ಇರುವಾಗ ಮಗಳು ಪರದೆಯಲ್ಲಿ ಆ ಊರಿನ ನಕ್ಷೆ ತೆರೆದಳು. ಮೇಲಿನಿಂದ ಕೆಳಗಿನವರೆಗೆ ಒಂದೊಂದನ್ನೂ ಗಟ್ಟಿಯಾಗಿ ಓದಿ ಹೇಳಿದಳು. ದಿನಾಂಕ, ರೇಡಿಯೊ ಸಂಖ್ಯೆ, ದಿಕ್ಕು, ಮೆಟ್ಟಿಲು ಮೆಟ್ಟಿಲಾಗಿ ಎತ್ತರಗಳು, ನಿರ್ಧಾರದ ಎತ್ತರ. ಶಿಕ್ಷಕಿ ಪ್ರತಿಯೊಂದಕ್ಕೂ ಕಾಗದದಲ್ಲಿ ಬೆರಳಿಟ್ಟು ತಲೆಯಾಡಿಸುತ್ತಿದ್ದರು.

ಆಮೇಲೆ ಮೋಡದೊಳಗೆ ಹೊಕ್ಕೆವು. ನಿಂಬೆಹಣ್ಣಿನ ಗಾತ್ರದ ಹನಿಗಳೇನೂ ಇರಲಿಲ್ಲ, ಗುಡುಗೂ ಇರಲಿಲ್ಲ. ಬರೀ ಬೂದು ಬಣ್ಣ. ಸಣ್ಣ ವಿಮಾನವಾದ್ದರಿಂದ ಚೂರು ಅಲುಗಾಡುತ್ತಿತ್ತು. ಮುಂದಿನ ಎತ್ತರದ ಅಂಕೆಯನ್ನು ಮತ್ತೊಮ್ಮೆ ನೋಡಲೆಂದು ಮಗಳು ಪರದೆಯನ್ನು ಬೆರಳಿನಿಂದ ಹಿಗ್ಗಿಸಿದಳು. ಮೇಲಿನ ಪಟ್ಟಿ ಕಾಣದಾಯಿತು. ಶಿಕ್ಷಕಿ ಶಾಂತವಾಗಿ ಕೇಳಿದರು: "ಈಗಿಂದೀಗಲೇ ಮೇಲೇರಬೇಕಾದರೆ ಯಾವ ಕಡೆಗೆ?"

ಮಗಳು ಪರದೆಯ ಕಡೆ ನೋಡಲಿಲ್ಲ. "ನೇರವಾಗಿ ಮೂರು ಸಾವಿರ ಅಡಿಗೆ ಏರಿ, ನಂತರ ಬಲಕ್ಕೆ ತಿರುಗಿ, ಕಾಯುವ ಜಾಗಕ್ಕೆ" ಎಂದಳು. ಓದಿದ್ದು ತಲೆಯಲ್ಲಿತ್ತು. ಶಿಕ್ಷಕಿ ಮತ್ತೇನೂ ಕೇಳಲಿಲ್ಲ.

ಎತ್ತರದ ಮುಳ್ಳು ಇಳಿಯುತ್ತಾ ಬಂತು. ಐನೂರು ಅಡಿ. ನಾನ್ನೂರು. ಮುನ್ನೂರು. ನಾನೂ ಮುಂದಕ್ಕೆ ಬಾಗಿ ಗಾಜಿನಾಚೆ ನೋಡುತ್ತಿದ್ದೆ. ಒಂದು ಕ್ಷಣ ಕೆಳಗೆ ಏನೋ ಕಪ್ಪಾಗಿ ಕಂಡಿತು, ಉತ್ತ ಹೊಲವಿರಬೇಕು. ಮತ್ತೆ ಮುಚ್ಚಿಕೊಂಡಿತು. ಶಿಕ್ಷಕಿ "ಮಿನಿಮಮ್ಸ್" ಎಂದರು. ಮಗಳು ಒಂದೇ ಮಾತು ಹೇಳಿದಳು: "ದೀಪ ಇಲ್ಲ, ಹೋಗುತ್ತಿದ್ದೇನೆ." ಎಂಜಿನ್ ಜೋರಾಗಿ ಕೂಗಿತು. ಮೂಗು ಮೇಲಕ್ಕೆದ್ದಿತು. ನನ್ನ ಬೆನ್ನು ಸೀಟಿಗೆ ಒತ್ತಿಕೊಂಡಿತು. ರನ್‌ವೇ ಎಲ್ಲೋ ನಮ್ಮ ಕಾಲಡಿಯಲ್ಲೇ ಇತ್ತು. ಇನ್ನೊಂದು ನೂರು ಅಡಿ ಇಳಿದಿದ್ದರೆ ಕಾಣುತ್ತಿತ್ತೋ ಏನೋ. ಆ ಮಾತನ್ನು ಅವರಿಬ್ಬರಲ್ಲಿ ಯಾರೂ ಆಡಲಿಲ್ಲ.

ವಿಚಿಟಾದಲ್ಲಿ ಮೋಡ ಏಳುನೂರು ಅಡಿಯ ಮೇಲಿತ್ತು. ಅಲ್ಲಿ ಸುಲಭವಾಗಿ ಇಳಿದೆವು. ಅಳಿಯ ಕಾರು ತಂದ. ಅಸರ್ ನಮಾಝಿನ ಹೊತ್ತಿಗೆ ನಾವು ಆ ಮನೆ ತಲುಪಿದೆವು. ಬಿರಿಯಾನಿ ಎರಡನೇ ಸಲ ಬಿಸಿಯಾಗಿತ್ತು. ಮಗುವಿನ ಅಜ್ಜಿ ಬಡಿಸುತ್ತಾ "ಅಷ್ಟು ಹತ್ತಿರ ಬಂದು ವಾಪಸ್ ಹೋದಿರಂತೆ" ಎಂದು ನಕ್ಕರು. ಮಗಳೂ ನಕ್ಕು ಸುಮ್ಮನಾದಳು.

ನಮ್ಮೂರಿನ ಗುಡ್ಡದ ಮೇಲೆ

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನೆನಪಿಗೆ ಬಂದದ್ದು ಕಾನ್ಸಾಸಿನ ಮೋಡವಲ್ಲ, ನಮ್ಮ ಬಜ್ಪೆಯ ಗುಡ್ಡ. ನಿಮ್ಮಲ್ಲಿ ಹಲವರಿಗೆ 2010ರ ಮೇ 22ರ ಬೆಳಗನ್ನು ನೆನಪಿಸಬೇಕಾಗಿಲ್ಲ. ದುಬೈಯಿಂದ ಬಂದ ವಿಮಾನ ರನ್‌ವೇ ದಾಟಿ ಕಣಿವೆಗೆ ಬಿದ್ದಿತು. 158 ಜನ ತೀರಿಕೊಂಡರು. ಬದುಕಿದ್ದು 8 ಜನ. ಕರಾವಳಿಯಲ್ಲಿ ಆ ಸಾವು ತಟ್ಟದ ಊರು ಕಡಿಮೆ.

ಅಂದು ಮೋಡ ಅಡ್ಡಿಯಾಗಿರಲಿಲ್ಲ. ರನ್‌ವೇ ಕಾಣುತ್ತಿತ್ತು. ಆದರೆ ವಿಮಾನ ಇರಬೇಕಾದ ಎತ್ತರಕ್ಕಿಂತ ಬಹಳ ಮೇಲಿತ್ತು. ನಕ್ಷೆಯ ಮೆಟ್ಟಿಲಿನ ಮೇಲೆ ಅದು ಇರಲಿಲ್ಲ. ಸಹಪೈಲಟ್ ಮೂರು ಸಲ ಗೋ ಅರೌಂಡ್, ಅಂದರೆ ಇಳಿಯದೆ ಮೇಲೇರಿ ಎಂದು ಹೇಳಿದ್ದರು. ಯಂತ್ರವೂ ಎಚ್ಚರಿಸುತ್ತಿತ್ತು. ಕ್ಯಾಪ್ಟನ್ ಇಳಿಸುವುದನ್ನೇ ಮುಂದುವರಿಸಿದರು. ವಿಮಾನ ನೆಲ ಮುಟ್ಟಿದ್ದು ರನ್‌ವೇಯ ಅರ್ಧಕ್ಕಿಂತ ಹೆಚ್ಚು ಭಾಗ ಕಳೆದ ಮೇಲೆ. ಬಿ.ಎನ್. ಗೋಖಲೆ ಅವರ ನೇತೃತ್ವದ ತನಿಖೆ ಹೇಳಿದ್ದು ಇದನ್ನೇ. ಹತ್ತು ವರ್ಷಗಳ ನಂತರ, 2020ರ ಆಗಸ್ಟ್ 7ರ ಮಳೆಯ ರಾತ್ರಿ ಕೋಝಿಕ್ಕೋಡಿನಲ್ಲಿಯೂ ದುಬೈಯ ವಿಮಾನವೊಂದು ರನ್‌ವೇ ದಾಟಿ ಬಿದ್ದು 21 ಜನ ತೀರಿಕೊಂಡರು. ಅಲ್ಲಿಯೂ ಜೊತೆಗಿದ್ದ ಪೈಲಟ್ ಗೋ ಅರೌಂಡ್ ಎಂದಿದ್ದರು.

ನಕ್ಷೆ ಕಾಗದದಲ್ಲಿದ್ದರೂ ಪರದೆಯಲ್ಲಿದ್ದರೂ ಮೇಲೇರುವ ದಾರಿ ಅದರಲ್ಲಿ ಇದ್ದೇ ಇರುತ್ತದೆ. ಅದನ್ನು ಬಳಸುವ ಮನಸ್ಸು ಮಾತ್ರ ಮನುಷ್ಯನದು. ಆ ಮನಸ್ಸನ್ನು ಕೆಡಿಸುವುದರಲ್ಲಿ ತಡವಾಯಿತೆಂಬ ಅವಸರದ, ಕಾಯುತ್ತಿರುವವರ ಫೋನಿನ, "ಅಷ್ಟು ಹತ್ತಿರ ಬಂದು" ಎಂಬ ಮಾತಿನ ಪಾಲೂ ಇರಬಹುದು.

ತಂತ್ರಜ್ಞಾನ ಮುಂದೆ ಹೋಗುತ್ತಿದೆ. ಜಿಪಿಎಸ್‌ನ ಸಣ್ಣ ತಪ್ಪುಗಳನ್ನು ತಿದ್ದುವ ಗಗನ್ ಎಂಬ ನಮ್ಮದೇ ವ್ಯವಸ್ಥೆ ಭಾರತದಲ್ಲಿದೆ. 2022ರ ಏಪ್ರಿಲ್‌ನಲ್ಲಿ ರಾಜಸ್ಥಾನದ ಕಿಶನ್‌ಗಢದಲ್ಲಿ ಅದರ ನೆರವಿನಿಂದ ವಿಮಾನವೊಂದನ್ನು ಪರೀಕ್ಷಾರ್ಥವಾಗಿ ಇಳಿಸಲಾಯಿತು. ರನ್‌ವೇ ಬಳಿ ದುಬಾರಿ ಉಪಕರಣಗಳಿಲ್ಲದ ಸಣ್ಣ ಊರುಗಳಿಗೆ ಇದು ಅನುಕೂಲ. ನಮ್ಮ ದೇಶದ ಪೈಲಟ್‌ಗಳಲ್ಲಿ ಹೆಣ್ಣುಮಕ್ಕಳ ಪ್ರಮಾಣ ಲೋಕದ ಸರಾಸರಿಗಿಂತ ಹೆಚ್ಚು. ನಿಮ್ಮ ಮನೆಯ ಹುಡುಗಿಯೂ ನಾಳೆ ಈ ಹಾಳೆಗಳನ್ನು ಊಟದ ಮೇಜಿನ ಮೇಲೆ ಹರಡಿಕೊಂಡು ಕೂತರೆ ಪಕ್ಕದಲ್ಲಿ ಒಂದು ಕುರ್ಚಿ ಎಳೆದುಕೊಂಡು ಕೂರಿ.

ಕೊನೆಯದಾಗಿ ಒಂದು ಮಾತು. ಜೂನ್, ಜುಲೈ ತಿಂಗಳಲ್ಲಿ ಮಂಗಳೂರಿಗೆ ಬರುವ ವಿಮಾನ ಕೆಲವೊಮ್ಮೆ ಇಳಿಯದೆ ಬೆಂಗಳೂರಿಗೋ ಕೊಚ್ಚಿಗೋ ಹೋಗುತ್ತದೆ. ಒಳಗೆ ಕುಳಿತವರು ಗೊಣಗುತ್ತಾರೆ. ಹೊರಗೆ ಹೂವು ಹಣ್ಣು ಹಿಡಿದು ನಿಂತವರು ಸಿಟ್ಟಾಗುತ್ತಾರೆ. ವರ್ಷ ಎರಡು ವರ್ಷದ ನಂತರ ಬರುವವರು, ಮಕ್ಕಳು ನಿದ್ದೆಗೆಟ್ಟು ಕಾಯುತ್ತಿರುತ್ತಾರೆ, ಸಂಕಟ ಸಹಜ. ಆದರೆ ಮುಂದಿನ ಸಲ ನೀವು ಹಾಗೆ ಕಾಯುವಾಗ, ಮೇಲೆ ಮೋಡದೊಳಗೆ ಯಾರೋ ಒಬ್ಬರು ಆ ಹಾಳೆಯ ಕೊನೆಯ ಕೋಷ್ಟಕದ ಮಾತು ಕೇಳಿದ್ದಾರೆ ಎಂದು ತಿಳಿಯಿರಿ. ನಿಮ್ಮವರು ನಾಲ್ಕು ಗಂಟೆ ತಡವಾಗಿಯಾದರೂ ಮನೆಗೆ ಬರುತ್ತಾರೆ. ಅನ್ನ ಇನ್ನೊಮ್ಮೆ ಬಿಸಿ ಮಾಡಿದರಾಯಿತು.